ಸೇವೆಯ ಹೆಸರಿನಲ್ಲಿ ಅಧ್ಯಾಪಕರನ್ನು ದಣಿಸದಿರೋಣ

(ಸಮುದಾಯದ ಶಾಲೆಗಳ ಆಡಳಿತ ಮಂಡಳಿ ಸದಸ್ಯರು, ಅಧ್ಯಾಪಕರು ಮತ್ತು ಹೆತ್ತವರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





‘ಅಧ್ಯಾಪಕರಲ್ಲಿ ಸೇವಾ ಮನೋಭಾವವನ್ನು ಬೆಳೆಸುವುದು ಹೇಗೆ?’ ಎಂಬ ವಿಷಯವನ್ನು ಇಂದು ನನಗೆ ನೀಡಲಾಗಿದೆ. ಈ ಶೀರ್ಷಿಕೆಯಲ್ಲೇ ಒಂದು ತೀರ್ಪು ಅಡಗಿದೆ. ಅಧ್ಯಾಪಕರಲ್ಲಿ ಸೇವಾ ಮನೋಭಾವವಿಲ್ಲ, ಇದ್ದರೂ ಸಾಲದು, ಹೊರಗಿನಿಂದ ಯಾರನ್ನಾದರೂ ಕರೆಸಿ ಒಂದು ಗಂಟೆಯ ಭಾಷಣದ ಮೂಲಕ ಅದನ್ನು ತುಂಬಿಸಬೇಕು ಎಂಬ ಭಾವನೆ ಅದರ ಹಿಂದಿದೆ. ಸಂಘಟಕರ ಸದುದ್ದೇಶದಲ್ಲಿ ನನಗೆ ಸಂದೇಹವಿಲ್ಲ. ಆದರೂ ವಿಷಯವನ್ನು ತುಸು ತಿರುಗಿಸಿ ಕೇಳಲು ಅನುಮತಿ ಬೇಡುತ್ತೇನೆ. ಸೇವೆಯ ಹಂಬಲ ಹೊತ್ತೇ ನಮ್ಮ ಶಾಲೆಗಳಿಗೆ ಬಂದ ಯುವಕ ಯುವತಿಯರಲ್ಲಿ ಆ ಹಂಬಲವು ಮೂರ್ನಾಲ್ಕು ವರ್ಷಗಳೊಳಗೆ ಆರಿ ಹೋಗುವುದೇಕೆ? ಅದನ್ನು ಆರಿಸುವವರು ಯಾರು?

ನಾವು ಶಾಲೆ ಕಟ್ಟುವ ಕೆಲಸವನ್ನು ನಿನ್ನೆ ಮೊನ್ನೆ ಆರಂಭಿಸಿದವರಲ್ಲ. ಭಟ್ಕಳದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆ 1919ರಲ್ಲೇ ಹುಟ್ಟಿತು. ಬೆಂಗಳೂರಿನಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ 1966ರಲ್ಲಿ ಅಲ್ ಅಮೀನ್ ಸಂಸ್ಥೆಯನ್ನು ಕಟ್ಟಿದರು. 2006ರ ನವೆಂಬರ್‌ನಲ್ಲಿ ಸಾಚಾರ್ ಸಮಿತಿಯ ವರದಿ ಬಂದಾಗ ನಮ್ಮ ಸ್ಥಿತಿ ನಮಗೆ ಅಂಕಿ ಅಂಶಗಳಲ್ಲಿ ಕಾಣಿಸಿತು. 2001ರ ಜನಗಣತಿಯಂತೆ ಮುಸ್ಲಿಮರ ಸಾಕ್ಷರತೆ ಶೇ. 59.1 ಇತ್ತು. ದೇಶದ ಸರಾಸರಿಗಿಂತ ಅದು ಸುಮಾರು 6 ಅಂಶಗಳಷ್ಟು ಕಡಿಮೆ. ಆ ಬಳಿಕ ಪ್ರತಿಯೊಂದು ಪಟ್ಟಣದಲ್ಲೂ ಶಾಲೆಯ ಕನಸು ಚಿಗುರಿತು. ಗಲ್ಫ್‌ನಲ್ಲಿ ದುಡಿಯುವವರು ಹಣ ಕಳುಹಿಸಿದರು. ಊರಿನ ವ್ಯಾಪಾರಿಗಳು ನಿವೇಶನ ನೀಡಿದರು. ಇಂದು ಅನೇಕ ಊರುಗಳಲ್ಲಿ ನಮ್ಮದೇ ಆದ ಕಟ್ಟಡಗಳಿವೆ, ಬಸ್ಸುಗಳಿವೆ, ಸಮವಸ್ತ್ರವಿದೆ. ಇದು ಸಣ್ಣ ಸಾಧನೆಯಲ್ಲ.

ಆದರೆ ಶಾಲೆಯೊಂದನ್ನು ಯೋಜಿಸುವ ಸಭೆಗಳಲ್ಲಿ ಕುಳಿತವರಿಗೆ ಗೊತ್ತು, ಅಲ್ಲಿ ಯಾವುದರ ಚರ್ಚೆ ಎಷ್ಟು ಹೊತ್ತು ನಡೆಯುತ್ತದೆ ಎಂದು. ನಿವೇಶನದ ಬಗ್ಗೆ ಎರಡು ಸಭೆ, ಕಟ್ಟಡದ ನಕ್ಷೆಗೆ ಮೂರು ಸಭೆ, ಉದ್ಘಾಟನೆಗೆ ಯಾವ ಮಂತ್ರಿಯನ್ನು ಕರೆಯಬೇಕು ಎಂಬುದಕ್ಕೆ ಲೆಕ್ಕವಿಲ್ಲದಷ್ಟು ಸಭೆ. ಅಧ್ಯಾಪಕರ ವೇತನದ ವಿಷಯ ಕೊನೆಯ ಹತ್ತು ನಿಮಿಷಗಳಲ್ಲಿ ಬರುತ್ತದೆ. ಆಗ ಯಾರಾದರೂ ಒಬ್ಬರು, ‘ಇದು ಸಮುದಾಯದ ಸೇವೆ, ಹಣಕ್ಕಾಗಿ ಬರುವವರು ನಮಗೆ ಬೇಡ’ ಎನ್ನುತ್ತಾರೆ. ಎಲ್ಲರೂ ತಲೆಯಾಡಿಸುತ್ತಾರೆ. ಗಮನಿಸಿ, ಸಿಮೆಂಟ್ ಮಾರಿದವನಿಗೆ ಈ ಮಾತನ್ನು ಯಾರೂ ಹೇಳಿರುವುದಿಲ್ಲ. ಗುತ್ತಿಗೆದಾರನ ಬಿಲ್ಲನ್ನು ಸೇವೆಯ ಲೆಕ್ಕಕ್ಕೆ ಬರೆದಿರುವುದಿಲ್ಲ. ಇಡೀ ಯೋಜನೆಯಲ್ಲಿ ಸೇವೆಯ ಭಾರವನ್ನು ಹೊರಬೇಕಾದವರು, ಯೋಜನೆ ರೂಪಿಸುವಾಗ ಕೋಣೆಯಲ್ಲೇ ಇಲ್ಲದ ಅಧ್ಯಾಪಕರು ಮಾತ್ರ.

ದಣಿದು ಕುಗ್ಗಿ ಹೋಗುವ ಈ ಸ್ಥಿತಿಯನ್ನು ಇಂಗ್ಲಿಷ್ ಬಲ್ಲವರು ‘ಬರ್ನ್‌ಔಟ್’ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಉರಿದು ಬೂದಿಯಾಗುವುದು ಎನ್ನಬಹುದು. 1974ರಲ್ಲಿ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಈ ಬಗ್ಗೆ ಬರೆದರು. ಅವರು ಈ ಸ್ಥಿತಿಯನ್ನು ಕಂಡದ್ದು ಹಣದ ಆಸೆಯಿಂದ ದುಡಿಯುತ್ತಿದ್ದವರಲ್ಲಲ್ಲ. ಬಡವರಿಗಾಗಿ ನಡೆಸುತ್ತಿದ್ದ ಉಚಿತ ಚಿಕಿತ್ಸಾಲಯದಲ್ಲಿ ಸ್ವಯಂಸೇವಕರಾಗಿ ಬಂದಿದ್ದವರಲ್ಲಿ. ಅತ್ಯಂತ ನಿಷ್ಠೆಯಿಂದ ದುಡಿಯುವವರೇ ಬೇಗನೆ ಉರಿದು ಹೋಗುತ್ತಾರೆ ಎಂಬುದು ಅವರ ಅವಲೋಕನವಾಗಿತ್ತು. ಕ್ಯಾಲಿಫೋರ್ನಿಯಾದ ಕ್ರಿಸ್ಟಿನಾ ಮಸ್ಲಾಕ್ ಅನಂತರ ಇದರ ಮೂರು ಮುಖಗಳನ್ನು ಗುರುತಿಸಿದರು. ಮೊದಲು ಮನಸ್ಸು ದಣಿಯುತ್ತದೆ. ಬಳಿಕ ಎದುರಿಗಿರುವ ಮನುಷ್ಯರು ಮನುಷ್ಯರಾಗಿ ಕಾಣದೆ ಬರಿಯ ಹೊರೆಯಾಗಿ ಕಾಣತೊಡಗುತ್ತಾರೆ. ಕೊನೆಗೆ ‘ನನ್ನಿಂದ ಏನೂ ಆಗುತ್ತಿಲ್ಲ’ ಎಂಬ ಭಾವನೆ ನೆಲೆಯೂರುತ್ತದೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ರೋಗವೆಂದು ಪರಿಗಣಿಸದೆ, ಕೆಲಸದ ಸ್ಥಳದಲ್ಲಿ ಪರಿಹಾರವಾಗದೆ ಉಳಿದ ಒತ್ತಡದಿಂದ ಬರುವ ಸ್ಥಿತಿಯೆಂದು ವಿವರಿಸಿತು. ಅಂದರೆ ದೋಷವನ್ನು ಹುಡುಕಬೇಕಾದುದು ಅಧ್ಯಾಪಕನ ಹೃದಯದಲ್ಲಿ ಮಾತ್ರವಲ್ಲ, ಶಾಲೆಯ ವೇಳಾಪಟ್ಟಿಯಲ್ಲಿ, ವೇತನದ ಪುಸ್ತಕದಲ್ಲಿ ಕೂಡ.

ಎರಡನೆಯ ಮುಖದ ಬಗ್ಗೆ ಹೆತ್ತವರು ವಿಶೇಷವಾಗಿ ಯೋಚಿಸಬೇಕು. ಅಧ್ಯಾಪಕಿಯ ದಣಿವು ಅವರಲ್ಲೇ ನಿಲ್ಲುವುದಿಲ್ಲ. ಅದು ತರಗತಿಯ ಹಿಂದಿನ ಬೆಂಚಿಗೆ ತಲುಪುತ್ತದೆ. ಎರಡನೇ ಬಾರಿ ಪ್ರಶ್ನೆ ಕೇಳಿದ ಮಗುವಿಗೆ ಸಿಡುಕಿನ ಉತ್ತರ ಸಿಗುತ್ತದೆ. ನಿಧಾನವಾಗಿ ಕಲಿಯುವ ಮಗುವಿಗೆ ಒಂದು ಹೆಸರು ಅಂಟುತ್ತದೆ. ನಾವು ಅಧ್ಯಾಪಕಿಯನ್ನು ದೂರುತ್ತೇವೆ. ಆ ದಿನ ಅವರಿಗೆ ಎಷ್ಟನೆಯ ಪೀರಿಯಡ್ ಅದು ಎಂದು ಕೇಳುವುದಿಲ್ಲ.

ಇದು ಪಾಶ್ಚಾತ್ಯರು ಕಂಡುಹಿಡಿದ ಹೊಸ ಕಾಯಿಲೆ ಎಂದು ಭಾವಿಸುವವರಿದ್ದರೆ, ಒಂಬತ್ತು ಶತಮಾನಗಳ ಹಿಂದಿನ ಒಬ್ಬ ಅಧ್ಯಾಪಕರನ್ನು ನೆನಪಿಸುತ್ತೇನೆ. ಇಮಾಮ್ ಗಝ್ಝಾಲಿ(ರ) 1091ರಲ್ಲಿ ಬಗ್ದಾದಿನ ನಿಝಾಮಿಯ್ಯಾದಲ್ಲಿ ಪ್ರಾಧ್ಯಾಪಕರಾದರು. ಆಗಿನ ಜಗತ್ತಿನಲ್ಲಿ ಅಧ್ಯಾಪಕನೊಬ್ಬನಿಗೆ ಸಿಗಬಹುದಾಗಿದ್ದ ಅತ್ಯುನ್ನತ ಸ್ಥಾನವದು. ಮುನ್ನೂರು ವಿದ್ಯಾರ್ಥಿಗಳು ಅವರಲ್ಲಿ ಕಲಿಯುತ್ತಿದ್ದರು. 1095ರಲ್ಲಿ ಒಂದು ದಿನ ಪಾಠಕ್ಕೆ ಕುಳಿತ ಅವರ ನಾಲಿಗೆ ಏಳಲಿಲ್ಲ. ಒಂದು ಮಾತೂ ಹೊರಡಲಿಲ್ಲ. ಅನ್ನ ಸೇರದಾಯಿತು. ವೈದ್ಯರು ಕೈಚೆಲ್ಲಿದರು. ತನ್ನ ಬೋಧನೆಯ ಉದ್ದೇಶವನ್ನು ಪರೀಕ್ಷಿಸಿದಾಗ ಅಲ್ಲಿ ಅಲ್ಲಾಹನ ಸಂಪ್ರೀತಿಯ ಬದಲು ಕೀರ್ತಿ ಮತ್ತು ಸ್ಥಾನಮಾನದ ಆಸೆ ಕಂಡಿತೆಂದು ಅವರೇ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. ಅವರು ಹುದ್ದೆ ತೊರೆದು ಸಿರಿಯಾದೆಡೆಗೆ ಹೊರಟರು. ಮತ್ತೆ ಅಧ್ಯಾಪಕರ ಪೀಠದಲ್ಲಿ ಕುಳಿತುಕೊಂಡದ್ದು 1106ರಲ್ಲಿ, ನೈಶಾಪುರದಲ್ಲಿ.

ಇಷ್ಟು ಕೇಳಿದಾಗ ಆಡಳಿತ ಮಂಡಳಿಯ ಕೆಲವರ ಮುಖದಲ್ಲಿ ಸಮಾಧಾನ ಕಾಣುತ್ತಿದೆ. ನೋಡಿದಿರಾ, ಸಮಸ್ಯೆ ಹಣದ್ದಲ್ಲ, ಉದ್ದೇಶದ್ದು ಎಂದು. ಗಝ್ಝಾಲಿಯವರ ವಿಷಯದಲ್ಲಿ ಅದು ನಿಜ. ಹಣವೊಂದೇ ಮನುಷ್ಯನಿಗೆ ಉದ್ದೇಶವನ್ನು ಕೊಡಲಾರದು. ಆದರೆ ಆ ಕಥೆಯಲ್ಲಿ ನಾವು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಭಾಗವಿದೆ. ಬಗ್ದಾದನ್ನು ತೊರೆಯುವ ಮುನ್ನ ಅವರು ತಮ್ಮ ಸಂಪತ್ತನ್ನು ಹಂಚಿದರು. ಮಕ್ಕಳ ಜೀವನಕ್ಕೆ ಬೇಕಾದಷ್ಟನ್ನು ಮಾತ್ರ ಉಳಿಸಿದರು. ಇರಾಕಿನ ವಕ್ಫ್ ಸಂಪತ್ತು ಇಂತಹ ಉದ್ದೇಶಕ್ಕೆಂದೇ ಇರುವುದೆಂದೂ, ವಿದ್ವಾಂಸನೊಬ್ಬ ತನ್ನ ಕುಟುಂಬಕ್ಕಾಗಿ ಪಡೆಯಲು ಅದಕ್ಕಿಂತ ಉತ್ತಮವಾದುದಿಲ್ಲವೆಂದೂ ಬರೆದರು. ಲೋಕವನ್ನು ತೊರೆಯಲು ಹೊರಟ ಗಝ್ಝಾಲಿಯವರು ಕೂಡ ಮಕ್ಕಳ ಊಟವನ್ನು ತ್ಯಾಗದ ಪಟ್ಟಿಗೆ ಸೇರಿಸಲಿಲ್ಲ.

ತ್ಯಾಗದ ಬಗ್ಗೆ ಮಾತನಾಡುವಾಗ ಖಲೀಫಾ ಉಮರ್ ಬಿನ್ ಅಬ್ದುಲ್ ಅಝೀಝ್(ರ) ಅವರ ಕಾಲದ ಒಂದು ಘಟನೆ ನೆನಪಿಗೆ ಬರುತ್ತದೆ. ಅಬೂ ಉಬೈದ್ ಅವರ ‘ಕಿತಾಬುಲ್ ಅಮ್ವಾಲ್’ನಲ್ಲಿ ಅದರ ಉಲ್ಲೇಖವಿದೆ. ಮರುಭೂಮಿಯ ಜನರಿಗೆ ಕಲಿಸಲೆಂದು ಖಲೀಫರು ಯಝೀದ್ ಮತ್ತು ಹಾರಿಸ್ ಎಂಬ ಇಬ್ಬರನ್ನು ಕಳುಹಿಸಿ ಇಬ್ಬರಿಗೂ ವೇತನ ನಿಗದಿಪಡಿಸಿದರು. ಯಝೀದ್ ಸ್ವೀಕರಿಸಿದರು. ಹಾರಿಸ್ ನಿರಾಕರಿಸಿದರು. ಸುದ್ದಿ ತಲುಪಿದಾಗ ಖಲೀಫರು, ಯಝೀದರು ಮಾಡಿದ್ದರಲ್ಲಿ ಯಾವ ತಪ್ಪೂ ಇಲ್ಲವೆಂದು ಹೇಳಿ, ಹಾರಿಸ್‌ರಂಥವರು ಹೆಚ್ಚಲಿ ಎಂದು ಪ್ರಾರ್ಥಿಸಿದರು.

ಈ ಸಣ್ಣ ಘಟನೆಯಲ್ಲಿ ನಮ್ಮ ಇಡೀ ಸಮಸ್ಯೆಗೆ ಉತ್ತರವಿದೆ ಎಂದು ನಾನು ಭಾವಿಸುತ್ತೇನೆ. ವೇತನವನ್ನು ಮೊದಲು ಇಬ್ಬರಿಗೂ ನಿಗದಿಪಡಿಸಲಾಗಿತ್ತು. ಬಿಟ್ಟುಕೊಟ್ಟ ಹಾರಿಸ್ ಅದನ್ನು ತಾವಾಗಿ ಬಿಟ್ಟುಕೊಟ್ಟರು. ಕೈಗೆ ಬಂದುದನ್ನು ಬಿಡುವುದು ತ್ಯಾಗ. ಕೈಗೇ ಬಾರದುದನ್ನು ಬಿಟ್ಟಿದ್ದೇನೆಂದು ಹೇಳಿಸುವುದಕ್ಕೆ ಬೇರೆ ಹೆಸರಿದೆ. ತ್ಯಾಗ ಮಾಡುವ ಹಕ್ಕು ಅಧ್ಯಾಪಕನದ್ದು. ಅವನ ಪರವಾಗಿ ತ್ಯಾಗ ಮಾಡುವ ಅಧಿಕಾರ ಟ್ರಸ್ಟಿಗೆ ಇಲ್ಲ.

ಕಲಿಸುವಿಕೆಗೆ ಬೆಲೆ ಕಟ್ಟಬಾರದು ಎನ್ನುವವರಿಗೆ ಬದ್ರ್‌ನ ಕೈದಿಗಳ ವಿಷಯ ಗೊತ್ತಿರಬೇಕಲ್ಲವೇ? ಕ್ರಿ.ಶ. 624ರಲ್ಲಿ ಸೆರೆಸಿಕ್ಕವರ ಪೈಕಿ ಉಳ್ಳವರಿಂದ 4,000 ದಿರ್ಹಮ್‌ಗಳ ವರೆಗೆ ಬಿಡುಗಡೆಯ ಹಣ ಪಡೆಯಲಾಯಿತು. ಹಣವಿಲ್ಲದ ಆದರೆ ಓದು ಬರಹ ಬಲ್ಲ ಕೈದಿಯು ಮದೀನಾದ ಹತ್ತು ಮಕ್ಕಳಿಗೆ ಅಕ್ಷರ ಕಲಿಸಿದರೆ ಸಾಕಾಗಿತ್ತು. ಹತ್ತು ಮಕ್ಕಳ ಅಕ್ಷರಾಭ್ಯಾಸವನ್ನು ಪ್ರವಾದಿ(ಸ) ಒಬ್ಬ ಮನುಷ್ಯನ ಸ್ವಾತಂತ್ರ್ಯಕ್ಕೆ ಸಮವೆಂದು ತೂಗಿದರು. ನಮ್ಮ ಶಾಲೆಗಳಲ್ಲಿ ಅಧ್ಯಾಪಕಿಯೊಬ್ಬರು ನಲವತ್ತೈದು ಮಕ್ಕಳಿಗೆ ಕಲಿಸುತ್ತಾರೆ. ನಾವು ಅದನ್ನು ಯಾವುದಕ್ಕೆ ಸಮವೆಂದು ತೂಗುತ್ತಿದ್ದೇವೆ?

ಫಿಕ್ಹ್‌ನ ಇತಿಹಾಸದಲ್ಲೂ ಇದಕ್ಕೆ ಸಂಬಂಧಿಸಿದ ಒಂದು ಅಧ್ಯಾಯವಿದೆ. ಕುರ್‌ಆನ್ ಕಲಿಸುವುದಕ್ಕೆ ಪ್ರತಿಫಲ ಪಡೆಯುವುದನ್ನು ಹನಫೀ ಮದ್ಹಬಿನ ಆರಂಭ ಕಾಲದ ವಿದ್ವಾಂಸರು ಒಪ್ಪಿರಲಿಲ್ಲ. ಆಗ ಅಧ್ಯಾಪಕರ ಜೀವನಕ್ಕೆ ಬೈತುಲ್ ಮಾಲ್‌ನಿಂದ ನೆರವಿತ್ತು. ಆ ನೆರವು ನಿಂತಾಗ ನಂತರದ ವಿದ್ವಾಂಸರು ಪ್ರತಿಫಲವನ್ನು ಅನುಮತಿಸಿದರು. ಹೊಟ್ಟೆಪಾಡಿಗಾಗಿ ಕಲಿಸುವವರೆಲ್ಲ ಬೇರೆ ಕೆಲಸಕ್ಕೆ ಹೋದರೆ ಕಲಿಕೆಯೇ ನಿಂತು ಹೋದೀತು ಎಂಬುದು ಅವರ ಕಾರಣವಾಗಿತ್ತು. ಎಷ್ಟೊಂದು ವಾಸ್ತವ ಪ್ರಜ್ಞೆ! ಅಧ್ಯಾಪಕರಿಗೆ ನಿಷ್ಠೆಯ ಉಪದೇಶ ನೀಡಿ ಅವರು ಸುಮ್ಮನಾಗಲಿಲ್ಲ. ವ್ಯವಸ್ಥೆ ಬದಲಾದುದನ್ನು ಗಮನಿಸಿ ಫತ್ವಾವನ್ನೇ ಬದಲಿಸಿದರು.

ಇನ್ನು ದೇಶದ ಕಾನೂನಿನ ಮಾತಿಗೆ ಬರೋಣ. ನಮ್ಮಲ್ಲಿ ಕೆಲವರಿಗೆ ಸಂವಿಧಾನದ 30ನೇ ವಿಧಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆಯಿದೆ. ಅಲ್ಪಸಂಖ್ಯಾತ ಸಂಸ್ಥೆಯೆಂದರೆ ವೇತನ ಮತ್ತು ಸೇವಾ ನಿಯಮಗಳ ವಿಷಯದಲ್ಲಿ ಯಾರೂ ಕೇಳುವಂತಿಲ್ಲ ಎಂದು ಅವರು ಭಾವಿಸಿದ್ದಾರೆ. ದಿಲ್ಲಿಯ ಫ್ರಾಂಕ್ ಆಂಟನಿ ಶಾಲೆಯ ನೌಕರರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1986ರಲ್ಲೇ ಇದಕ್ಕೆ ಉತ್ತರ ನೀಡಿದೆ. ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳ ನೌಕರರನ್ನು ವೇತನದ ಸಮಾನತೆಯಿಂದ ಹೊರಗಿಟ್ಟಿದ್ದ ದಿಲ್ಲಿಯ ಕಾನೂನಿನ ವಿಧಿಯು ತಾರತಮ್ಯದಿಂದ ಕೂಡಿದೆಯೆಂದು ನ್ಯಾಯಾಲಯ ಹೇಳಿತು. ನೌಕರರ ಸೇವಾ ಸ್ಥಿತಿಯನ್ನು ಸುಧಾರಿಸುವ ಕಾನೂನು ಅಲ್ಪಸಂಖ್ಯಾತರ ಹಕ್ಕಿಗೆ ಧಕ್ಕೆಯಲ್ಲ ಎಂದೂ ಹೇಳಿತು. ಆ ತೀರ್ಪು ಬರೆದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ. ಕರ್ನಾಟಕದ ಮೂರನೇ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿ 1990ರಲ್ಲಿ ವರದಿ ಸಲ್ಲಿಸಿದವರೂ ಅವರೇ. ಅವರ ವರದಿಯನ್ನು ನಾವು ವೇದಿಕೆಗಳಲ್ಲಿ ಮೆಚ್ಚುತ್ತೇವೆ. ಅವರ ತೀರ್ಪನ್ನು ಓದಿದವರು ಎಷ್ಟು ಮಂದಿ?

ಗ್ರಾಚ್ಯುಟಿಯ ವಿಷಯದಲ್ಲೂ ಅಜ್ಞಾನ ಹೆಚ್ಚು. ಅಧ್ಯಾಪಕರು ಆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು 2004ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತ್ತು. 2009ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು, 1997ರ ಎಪ್ರಿಲ್ 3ರಿಂದ ಅನ್ವಯವಾಗುವಂತೆ ಅಧ್ಯಾಪಕರನ್ನೂ ಸೇರಿಸಿತು. ಖಾಸಗಿ ಶಾಲೆಗಳ ಒಕ್ಕೂಟ ಅದನ್ನು ಪ್ರಶ್ನಿಸಿತು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕೊನೆಯ ವೇತನ 15,000 ರೂಪಾಯಿಯಿದ್ದು 12 ವರ್ಷ ದುಡಿದ ಅಧ್ಯಾಪಕಿಗೆ, ವರ್ಷಕ್ಕೆ 15 ದಿನಗಳ ವೇತನದ ಲೆಕ್ಕದಲ್ಲಿ, ಸುಮಾರು 1,03,800 ರೂಪಾಯಿ ಸಲ್ಲುತ್ತದೆ. ಮಗಳ ಕಾಲೇಜಿನ ಶುಲ್ಕಕ್ಕೆ, ಮನೆಯ ಮಾಡಿನ ದುರಸ್ತಿಗೆ ಆಗುವ ಹಣವದು. ಇದನ್ನು ತಪ್ಪಿಸಲೆಂದೇ ಎಪ್ರಿಲ್‌ನಲ್ಲಿ ಬಿಡುಗಡೆ, ಜೂನ್‌ನಲ್ಲಿ ಮರುನೇಮಕ ಎಂಬ ಆಟವನ್ನು ಆಡುವ ಸಂಸ್ಥೆಗಳಿವೆ. ಸಹಿ ಒಂದು ಮೊತ್ತಕ್ಕೆ, ಕೈಗೆ ಇನ್ನೊಂದು ಮೊತ್ತ ಎಂಬ ಪದ್ಧತಿಯೂ ಇದೆ. ಅಂತಹ ಶಾಲೆಯ ಗೋಡೆಯಲ್ಲಿ ಪ್ರಾಮಾಣಿಕತೆಯ ಕುರಿತ ಫಲಕ ತೂಗುಹಾಕಿರುವುದನ್ನೂ ನಾನು ನೋಡಿದ್ದೇನೆ. ಸುಳ್ಳು ರಸೀದಿಗೆ ಸಹಿ ಹಾಕಿ ತರಗತಿಗೆ ಹೋಗುವ ಅಧ್ಯಾಪಕನು ಮೌಲ್ಯ ಶಿಕ್ಷಣದ ಪಾಠವನ್ನು ಯಾವ ಬಾಯಿಯಿಂದ ಮಾಡಬೇಕು?

ಕೊರೋನಾ ಕಾಲವನ್ನು ನಾವು ಇಷ್ಟು ಬೇಗ ಮರೆಯಬಾರದಿತ್ತು. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದ ಬಳಿಕ ಅನೇಕ ಅನುದಾನರಹಿತ ಶಾಲೆಗಳ ಅಧ್ಯಾಪಕರಿಗೆ ತಿಂಗಳುಗಟ್ಟಲೆ ಸಂಬಳವಿರಲಿಲ್ಲ. ತರಕಾರಿ ಮಾರಿದವರಿದ್ದರು, ಕೂಲಿಗೆ ಹೋದವರಿದ್ದರು. 2021ರ ಜೂನ್‌ನಲ್ಲಿ ರಾಜ್ಯ ಸರಕಾರವು ಅವರಿಗೆ ತಲಾ 5,000 ರೂಪಾಯಿಯ ಒಂದು ಬಾರಿಯ ಪರಿಹಾರ ಘೋಷಿಸಿತು. ಹೆತ್ತವರಿಂದ ಶುಲ್ಕ ಬಂದಿರಲಿಲ್ಲ, ನಿಜ. ಆದರೂ ಅರ್ಧ ಸಂಬಳವನ್ನಾದರೂ ಕೊಟ್ಟು, ಮನೆಗೆ ಹೋಗಿ ಯೋಗಕ್ಷೇಮ ವಿಚಾರಿಸಿದ ಆಡಳಿತ ಮಂಡಳಿಗಳಿದ್ದವು. ಅಂತಹ ಶಾಲೆಗಳ ಅಧ್ಯಾಪಕರು ಇಂದಿಗೂ ಅಲ್ಲೇ ಇದ್ದಾರೆ. ನಿಷ್ಠೆ ಹೇಗೆ ಹುಟ್ಟುತ್ತದೆ ಎಂಬುದನ್ನು ತಿಳಿಯಬೇಕಾದವರು ಅಲ್ಲಿ ಹೋಗಿ ಕೇಳಲಿ.

ವೇತನದಷ್ಟೇ ಮುಖ್ಯವಾದುದು ಸಮಯ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಅಧ್ಯಾಪಕರ ವಾರದ ಕೆಲಸವನ್ನು ತಯಾರಿಯ ಹೊತ್ತೂ ಸೇರಿ ಕನಿಷ್ಠ 45 ಗಂಟೆಯೆಂದು ಗೊತ್ತುಪಡಿಸಿದೆ. 2014ರ ಪ್ರಮತಿ ತೀರ್ಪಿನಂತೆ ಅಲ್ಪಸಂಖ್ಯಾತ ಶಾಲೆಗಳು ಆ ಕಾಯ್ದೆಯ ಹೊರಗಿವೆ. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠವು ಆ ತೀರ್ಪಿನ ಮರುಪರಿಶೀಲನೆಯ ಪ್ರಶ್ನೆಯನ್ನು ಎತ್ತಿದೆ. ಕಾಯ್ದೆ ಅನ್ವಯಿಸಲಿ ಬಿಡಲಿ, ಮನುಷ್ಯನ ಶಕ್ತಿಗೆ ಮಿತಿಯಿದೆ. ಒಂದು ಲೆಕ್ಕ ಹಾಕೋಣ. ನಾಲ್ಕು ವಿಭಾಗಗಳು, ವಿಭಾಗಕ್ಕೆ 45 ಮಕ್ಕಳು. ಒಟ್ಟು 180 ನೋಟ್ ಪುಸ್ತಕ. ಒಂದಕ್ಕೆ ಮೂರೇ ನಿಮಿಷವೆಂದರೂ ಒಂದು ಸಲದ ತಿದ್ದುವಿಕೆಗೆ 9 ಗಂಟೆ ಬೇಕು. ಪರೀಕ್ಷೆ ಬಂದಾಗ ಉತ್ತರ ಪತ್ರಿಕೆಯೊಂದಕ್ಕೆ ಹತ್ತು ನಿಮಿಷದಂತೆ 30 ಗಂಟೆ. ದಿನಕ್ಕೆ ಏಳು ಪೀರಿಯಡ್ ಪಾಠ, ಉಳಿದ ಒಂದರಲ್ಲಿ ರಜೆ ಹಾಕಿದವರ ತರಗತಿ. ಹಾಗಾದರೆ ಈ ತಿದ್ದುವಿಕೆ ನಡೆಯುವುದೆಲ್ಲಿ? ಮನೆಯಲ್ಲಿ, ಅಡುಗೆ ಮುಗಿದ ಬಳಿಕ, ಸ್ವಂತ ಮಕ್ಕಳು ಮಲಗಿದ ಮೇಲೆ. ನಮ್ಮ ಶಾಲೆಗಳ ಅಧ್ಯಾಪಕರಲ್ಲಿ ಹೆಚ್ಚಿನವರು ಮಹಿಳೆಯರು. ಅವರ ಮನೆಯ ದುಡಿಮೆಯನ್ನು ಯಾವ ಹಾಜರಿ ಪುಸ್ತಕವೂ ದಾಖಲಿಸುವುದಿಲ್ಲ. ಹೆರಿಗೆಯೆಂದರೆ ರಾಜೀನಾಮೆಯೆಂದು ಇಂದಿಗೂ ತಿಳಿದಿರುವ ಶಾಲೆಗಳಿವೆ.

ಇದರ ಮೇಲೆ ವಾಟ್ಸ್ಆ್ಯಪ್ ಬಂದಿದೆ. ರಾತ್ರಿ ಹತ್ತು ಗಂಟೆಗೆ ‘ನಾಳೆಯ ಹೋಮ್‌ವರ್ಕ್ ಏನು ಟೀಚರ್?’ ಎಂಬ ಪ್ರಶ್ನೆ. ಉತ್ತರ ತಡವಾದರೆ ಗುಂಪಿನಲ್ಲೇ ಆಕ್ಷೇಪ. ಗಣಿತದ ಸ್ನಾತಕೋತ್ತರ ಪದವೀಧರರಾದ ಒಬ್ಬ ಯುವ ಅಧ್ಯಾಪಕರು ಶಾಲೆ ಬಿಟ್ಟು ಬಟ್ಟೆ ಅಂಗಡಿಯ ಲೆಕ್ಕಪತ್ರದ ಕೆಲಸಕ್ಕೆ ಸೇರಿದರು. ಸಂಬಳದಲ್ಲಿ ದೊಡ್ಡ ವ್ಯತ್ಯಾಸವಿರಲಿಲ್ಲ. ಕಾರಣ ಕೇಳಿದಾಗ, ‘ಅಲ್ಲಿ ಶಟರ್ ಎಳೆದ ಮೇಲೆ ಕೆಲಸ ಮುಗಿಯುತ್ತದೆ ಸರ್’ ಎಂದರು. ಗಣಿತದ ಅಧ್ಯಾಪಕರು ಸಿಗುತ್ತಿಲ್ಲವೆಂದು ಅದೇ ಊರಿನ ಶಾಲೆಯು ಇಂದಿಗೂ ಜಾಹೀರಾತು ನೀಡುತ್ತಿದೆ.

ಸರಕಾರಿ ಶಾಲೆಗಳಲ್ಲಿ ಸಂಬಳವಿದೆ, ಭದ್ರತೆಯಿದೆ. ಅಲ್ಲಿ ಬೇರೊಂದು ಬಗೆಯ ದಣಿವು. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಅಧ್ಯಾಪಕರೇ ಗಣತಿದಾರರಾಗಿದ್ದರು. ಅಕ್ಟೋಬರ್ 7ಕ್ಕೆ ಅದು ಮುಗಿಯದಾಗ ಸರಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು 18ರ ವರೆಗೆ ವಿಸ್ತರಿಸಲಾಯಿತು. ಸಮೀಕ್ಷೆ ಬೇಕಿತ್ತು, ನಮ್ಮ ಸಮುದಾಯಕ್ಕಂತೂ ಬೇಕೇ ಇತ್ತು. ಆದರೆ ದೇಶದ ಎಲ್ಲ ಲೆಕ್ಕಗಳನ್ನೂ ಮೇಷ್ಟ್ರೇ ಬರೆಯಬೇಕೆಂಬ ನಿಯಮವೇನಿದೆ?

ಇದಕ್ಕಿಂತಲೂ ಆಳವಾದ ಗಾಯ 2022ರದ್ದು. ಹಿಜಾಬ್ ವಿವಾದದ ದಿನಗಳಲ್ಲಿ ಶಾಲಾ ಕಾಲೇಜುಗಳ ಗೇಟಿನಲ್ಲಿ ವಿದ್ಯಾರ್ಥಿನಿಯರನ್ನು ತಡೆಯುವ ಕೆಲಸ ಅಧ್ಯಾಪಕರ ಪಾಲಿಗೆ ಬಂತು. ಕೆಲವೆಡೆ ಅಧ್ಯಾಪಕಿಯರೇ ಬುರ್ಖಾ ತೆಗೆದು ಒಳಬರಬೇಕಾಯಿತು. ಆ ವರ್ಷದ ಮಾರ್ಚ್ ಕೊನೆಯಲ್ಲಿ ಹಿಜಾಬ್ ಧರಿಸಿದ ವಿದ್ಯಾರ್ಥಿನಿಯರಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯಲು ಬಿಟ್ಟ ಆರೋಪದಲ್ಲಿ ಗದಗದಲ್ಲಿ ಅಧ್ಯಾಪಕರನ್ನು ಅಮಾನತುಗೊಳಿಸಲಾಯಿತು. ನಾವು ಆಗ ಹೆಣ್ಣು ಮಕ್ಕಳ ಕಣ್ಣೀರನ್ನು ಕಂಡೆವು; ಕಾಣಲೇಬೇಕಿತ್ತು. ಆದರೆ ತಾನೇ ಅಕ್ಷರ ಕಲಿಸಿದ ಮಗುವಿನ ಮುಂದೆ ಕಾವಲುಗಾರನಾಗಿ ನಿಲ್ಲಬೇಕಾದ ಅಧ್ಯಾಪಕನೊಳಗೆ ಏನು ಮುರಿಯಿತು ಎಂಬುದನ್ನು ಯಾರೂ ವಿಚಾರಿಸಲಿಲ್ಲ. ಸರಕಾರವೊಂದು ಅಧ್ಯಾಪಕನ ಉದ್ದೇಶವನ್ನು ಒಂದು ಸುತ್ತೋಲೆಯಿಂದ ಕಸಿದುಕೊಳ್ಳಬಲ್ಲದೆಂಬುದಕ್ಕೆ ಅದು ಉದಾಹರಣೆ. ಆ ಬಳಿಕ ಅನೇಕ ಹೆಣ್ಣು ಮಕ್ಕಳು ನಮ್ಮ ಸಂಸ್ಥೆಗಳನ್ನು ಅರಸಿ ಬಂದರು. ಅವರನ್ನು ಸ್ವಾಗತಿಸಿದ್ದೇವೆ. ಅವರಿಗೆ ಕಲಿಸುವವರನ್ನು ಹೇಗೆ ನಡೆಸಿಕೊಳ್ಳುತ್ತಿದ್ದೇವೆ ಎಂಬುದೇ ಇಂದಿನ ಪ್ರಶ್ನೆ.

ಗೌರವದ ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ಟ್ರಸ್ಟಿಯು ತರಗತಿಗೆ ನುಗ್ಗಿ ಮಕ್ಕಳ ಮುಂದೆಯೇ ಅಧ್ಯಾಪಕಿಯನ್ನು ತರಾಟೆಗೆ ತೆಗೆದುಕೊಳ್ಳುವುದು, ಮುಖ್ಯೋಪಾಧ್ಯಾಯರನ್ನು ತಮ್ಮ ಅಂಗಡಿಗೆ ಕರೆಸಿ ನಿಲ್ಲಿಸಿಕೊಂಡು ಮಾತನಾಡುವುದು, ತನ್ನ ಸಂಬಂಧಿಯ ಮಗನಿಗೆ ಅಂಕ ಹೆಚ್ಚಿಸಲು ಫೋನ್ ಮಾಡುವುದು, ಶಾಲಾ ಚಂದಾದ ಪುಸ್ತಕ ಹಿಡಿಸಿ ಮನೆಮನೆಗೆ ಕಳುಹಿಸುವುದು, ಇವೆಲ್ಲ ನಡೆಯುತ್ತಿವೆ. ಅಧ್ಯಾಪಕನಿಗೆ ತನ್ನ ಕೆಲಸದ ಬಗ್ಗೆ ಹೆಮ್ಮೆಯಿರಬೇಕಾದರೆ, ಆ ಕೆಲಸದಲ್ಲಿ ಅವನ ಮಾತು ನಡೆಯಬೇಕು. ಪಠ್ಯಪುಸ್ತಕದ ಆಯ್ಕೆಯಲ್ಲಿ, ವೇಳಾಪಟ್ಟಿಯಲ್ಲಿ, ಪರೀಕ್ಷಾ ಕ್ರಮದಲ್ಲಿ ಅವನನ್ನು ಕೇಳಬೇಕು. ಆಡಳಿತ ಮಂಡಳಿಯಲ್ಲಿ ಅಧ್ಯಾಪಕರೇ ಆರಿಸಿ ಕಳುಹಿಸಿದ ಇಬ್ಬರಿಗೆ ಸ್ಥಾನ ನೀಡಿ. ಅವರಲ್ಲಿ ಒಬ್ಬರು ಮಹಿಳೆಯಾಗಿರಲಿ. ಸಂಬಳ ತಿಂಗಳ ಮೊದಲ ವಾರದಲ್ಲೇ, ಬೇಸಿಗೆ ರಜೆಯೂ ಸೇರಿ ಹನ್ನೆರಡು ತಿಂಗಳೂ ಬ್ಯಾಂಕಿನ ಮೂಲಕವೇ ಹೋಗಲಿ. ದಿನಕ್ಕೆ ಎರಡು ಪೀರಿಯಡ್ ಯಾರೂ ಮುಟ್ಟದಂತೆ ಬಿಡಿ. ಸಂಜೆ ಆರರ ಬಳಿಕ ವಾಟ್ಸ್ಆ್ಯಪ್ ಗುಂಪು ಮೌನವಾಗಿರಲಿ. ಈ ಕೊನೆಯದಕ್ಕೆ ಒಂದು ಪೈಸೆಯೂ ಖರ್ಚಾಗದು.

ಉಳಿದುದಕ್ಕೆ ಹಣ ಎಲ್ಲಿಂದ ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. 400 ಮಕ್ಕಳಿರುವ ಶಾಲೆಯಲ್ಲಿ 16 ಅಧ್ಯಾಪಕರಿದ್ದಾರೆಂದು ಇಟ್ಟುಕೊಳ್ಳಿ. ಪ್ರತಿಯೊಬ್ಬರಿಗೂ ತಿಂಗಳಿಗೆ 3,000 ರೂಪಾಯಿ ಹೆಚ್ಚಿಸಿದರೆ ವರ್ಷಕ್ಕೆ 5,76,000 ರೂಪಾಯಿ. ಮಗುವೊಂದಕ್ಕೆ ತಿಂಗಳಿಗೆ 120 ರೂಪಾಯಿ. ಹೆತ್ತವರೇ, ಇದು ನಿಮ್ಮ ಮೊಬೈಲ್ ರೀಚಾರ್ಜಿಗಿಂತ ಕಡಿಮೆ. ಕೊಡಲಾಗದ ಬಡ ಕುಟುಂಬಗಳಿವೆ. ಅವರ ಪಾಲನ್ನು ದಾನಿಗಳು ಹೊರಲಿ. ನಮ್ಮ ದಾನಿಗಳಿಗೆ ಕೋಣೆ ಕಟ್ಟಿಸುವುದರಲ್ಲಿ ಉತ್ಸಾಹ ಹೆಚ್ಚು, ಏಕೆಂದರೆ ಕೋಣೆಯ ಬಾಗಿಲಿಗೆ ಹೆಸರಿನ ಕಲ್ಲು ಹಾಕಬಹುದು. ಸಂಬಳಕ್ಕೆ ಹೆಸರಿನ ಕಲ್ಲು ಹಾಕಲು ಬರುವುದಿಲ್ಲ.

ವಕ್ಫ್‌ನ ಮಾತೂ ಇಲ್ಲೇ ಬರಬೇಕು. ನಿಝಾಮಿಯ್ಯಾಗಳು ನಿಂತದ್ದು ಕಟ್ಟಡಗಳ ಬಲದಿಂದಲ್ಲ. ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ನಿಯಮಿತವಾಗಿ ಸಿಗುತ್ತಿದ್ದ ವಕ್ಫ್ ಆದಾಯದ ಬಲದಿಂದ. ದೇಶದ ವಕ್ಫ್ ಆಸ್ತಿಗಳಿಂದ ವರ್ಷಕ್ಕೆ ಸುಮಾರು 163 ಕೋಟಿ ರೂಪಾಯಿ ಮಾತ್ರ ಬರುತ್ತಿದೆಯೆಂದೂ, ಸರಿಯಾಗಿ ಬಳಸಿದರೆ 12,000 ಕೋಟಿ ಬರಬಹುದೆಂದೂ ಸಾಚಾರ್ ಸಮಿತಿ ಅಂದಾಜಿಸಿತ್ತು. 2025ರ ವಕ್ಫ್ ತಿದ್ದುಪಡಿ ಕಾಯ್ದೆಯ ವಿರುದ್ಧ ನಾವು ಸಭೆಗಳನ್ನು ನಡೆಸಿದೆವು, ನಡೆಸಬೇಕಾಗಿತ್ತು. ಆದರೆ ಆ ಸಭೆಗಳಿಗೆ ಬಂದವರಲ್ಲಿ ವಕ್ಫ್ ಅಂಗಡಿಯನ್ನು ಅಜ್ಜನ ಕಾಲದ ಬಾಡಿಗೆಗೆ ಇಟ್ಟುಕೊಂಡವರೂ ಇದ್ದರಲ್ಲವೇ? ಪೇಟೆಯ ದರದ ಬಾಡಿಗೆಯನ್ನು ಅವರು ಕೊಡಲಿ. ಆ ಊರಿನ ಶಾಲೆಯ ನಾಲ್ಕು ಅಧ್ಯಾಪಕರ ಸಂಬಳ ಅದರಿಂದಲೇ ಹುಟ್ಟೀತು.

ಅಧ್ಯಾಪಕ ಬಂಧುಗಳೇ, ಇಷ್ಟು ಹೊತ್ತು ನಿಮ್ಮ ಪರವಾಗಿ ಮಾತನಾಡಿದ್ದೇನೆ. ನಿಮಗೂ ಒಂದು ಮಾತಿದೆ. ನಿಮಗಾಗುತ್ತಿರುವ ಅನ್ಯಾಯದಲ್ಲಿ ಮಗುವಿನ ಕೈವಾಡವಿಲ್ಲ. ಅಧ್ಯಾಪಕನು ಶಿಷ್ಯರನ್ನು ತನ್ನ ಮಕ್ಕಳಂತೆ ಕಾಣಬೇಕೆಂಬುದನ್ನು ಗಝ್ಝಾಲಿಯವರು ಬೋಧಕನ ಕರ್ತವ್ಯಗಳಲ್ಲಿ ಮೊದಲನೆಯದಾಗಿ ಇರಿಸಿದ್ದಾರೆ. ಸಂಬಳ ಕಡಿಮೆಯೆಂದು ಅರ್ಧ ಪಾಠ ಮಾಡುವವರು, ತರಗತಿಯಲ್ಲಿ ಬಿಟ್ಟುದನ್ನು ಮನೆಪಾಠದಲ್ಲಿ ಮಾರುವವರು ನಮ್ಮ ನಡುವೆ ಇದ್ದಾರೆ. ಹಕ್ಕನ್ನು ಆಡಳಿತ ಮಂಡಳಿಯ ಮುಂದೆ ಕೇಳಿ, ಒಟ್ಟಾಗಿ ಕೇಳಿ, ಬರಹದಲ್ಲಿ ಕೇಳಿ. ಮಗುವಿನ ಮೇಲೆ ತೀರಿಸಿಕೊಳ್ಳಬೇಡಿ. ಮನಸ್ಸು ತೀರಾ ಕುಗ್ಗಿ ನಿದ್ದೆ ಬಾರದಾದರೆ, ಮಕ್ಕಳ ಮುಖ ನೋಡುವುದೂ ಬೇಡವೆನಿಸಿದರೆ, ಅದನ್ನು ಈಮಾನಿನ ಕೊರತೆಯೆಂದು ಭಾವಿಸಿ ಮುಚ್ಚಿಡಬೇಡಿ. ವೈದ್ಯರ ಬಳಿ ಹೋಗಿ. ಗಝ್ಝಾಲಿಯವರೂ ವೈದ್ಯರಿಗೆ ತೋರಿಸಿದ್ದರು.

ನನಗೆ ಕೊಟ್ಟ ಸಮಯ ಮುಗಿದಿದೆ. ಪ್ರಶ್ನೆಗಳಿಗೆ ಅರ್ಧ ಗಂಟೆ ಇದೆಯೆಂದು ಅಧ್ಯಕ್ಷರು ಸೂಚಿಸಿದ್ದಾರೆ. ಮೈಕನ್ನು ಮೊದಲು ಹಿಂದಿನ ಸಾಲುಗಳಲ್ಲಿರುವ ಅಧ್ಯಾಪಕಿಯರಿಗೆ ಕೊಡಬೇಕಾಗಿ ವಿನಂತಿ. ಆಡಳಿತ ಮಂಡಳಿಯವರು ಅನಂತರ ಮಾತನಾಡಲಿ.